ಅತ್ತೆಯ ಎದೆಯಲ್ಲಿ ತುಂಬಿದ ನೀರು

ಅತ್ತೆಯ ಎಡ ಪಕ್ಕೆಯಲ್ಲಿ ನೋವು ಶುರುವಾದಾಗ ನಮ್ಮ ಮನೆಯ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದಿದ್ದವು. ರೇಷ್ಮೆ ಹುಳು ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು ಮಂಕಾಗಿ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದನ್ನು ಮುಗಿಸಿ ಎದ್ದ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲುವುದಿಲ್ಲ. ಆ ವಾರ ಮನೆಯಲ್ಲಿ ಯಾರೂ ಕಾಯಿಲೆ ಬೀಳುವ ಹಾಗಿಲ್ಲ ಎಂದು ಪ್ರತಿ ಬೆಳೆಯಲ್ಲೂ ಹೇಳುತ್ತಿದ್ದವರು ಅತ್ತೆಯೇ.

ದೇವನಹಳ್ಳಿ ಸೀಮೆಯ ವಿಜಯಪುರಕ್ಕೆ ನಡೆದು ಹೋಗುವಷ್ಟು ಹತ್ತಿರದ ಹಳ್ಳಿ ನಮ್ಮದು. ನಾನು ಆ ಮನೆಗೆ ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಚೊಚ್ಚಲ ಗಂಡು ಮಗು ಇನ್ನೂ ಅಂಬೆಗಾಲಿಡುತ್ತಿತ್ತು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆ, ನಮ್ಮ ಯಜಮಾನರು, ಅವರ ತಂಗಿ, ನಾನು ಮತ್ತು ಮಗು, ಇಷ್ಟೇ ಜನ ಮನೆಯಲ್ಲಿ. ಹೊಲ ಮತ್ತು ಹಿಪ್ಪುನೇರಳೆ ತೋಟ ಯಜಮಾನರ ಕೈಯಲ್ಲಿದ್ದವು. ಹುಳುವಿನ ಮನೆ ಪೂರ್ತಿ ಅತ್ತೆಯದು. ಮಹಾಯುದ್ಧ ನಡೆಯುತ್ತಿದ್ದ ಕಾಲ. ವಿಮಾನದಿಂದ ಧುಮುಕುವ ಸೈನಿಕರ ಕೊಡೆಗೆ ರೇಷ್ಮೆ ಬೇಕಂತೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಗೂಡು ಕೊಳ್ಳುವವರು ಮನೆ ಬಾಗಿಲಿಗೇ ಬರುತ್ತಿದ್ದರು.

ಅಂದು ಬೆಳಿಗ್ಗೆ ಸೊಪ್ಪು ಹೆಚ್ಚುತ್ತಿದ್ದ ಅತ್ತೆಯ ಕೈ ನಿಂತಿತು. ನಾನು ತಟ್ಟೆ ಹಿಡಿದು ಎದುರಿಗೇ ನಿಂತಿದ್ದೆ. ಅವರು ಕುಡುಗೋಲು ಕೆಳಗಿಟ್ಟು ಪಕ್ಕೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡರು.

"ಏನಾಯ್ತು ಅತ್ತೆ?"

"ಏನಿಲ್ಲ ಕಣಮ್ಮ. ಉಸ್ರು ಎಳ್ಕಂಡ್ರೆ ಚುಚ್ತದೆ. ಎಲ್ಲೋ ಉಳುಕಿರ್ಬೇಕು."

ಆ ದಿನವೆಲ್ಲ ಅವರು ಉಸಿರನ್ನು ಗುಟುಕು ಗುಟುಕಾಗಿ ತೆಗೆದುಕೊಳ್ಳುವುದನ್ನು ನೋಡಿದೆ. ಸೀನು ಬಂದರೆ ಮೂಗು ಹಿಂಡಿಕೊಂಡು ತಡೆಯುತ್ತಿದ್ದರು. ಎಡಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ನಾನು ಎಕ್ಕದೆಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಪಕ್ಕೆಗೆ ಕಾವು ಕೊಟ್ಟೆ. ನಾದಿನಿ ಬೆಳ್ಳುಳ್ಳಿ ಕಷಾಯ ಕಾಯಿಸಿದಳು. ಹುಳುಗಳು ಹಣ್ಣಾಗಿ, ಅವನ್ನು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಟ್ಟು, ಅವು ಗೂಡು ಕಟ್ಟಲು ಶುರು ಮಾಡುವ ಹೊತ್ತಿಗೆ ನೋವು ತಾನಾಗಿಯೇ ಹೋಯಿತು.

"ನೋಡ್ದಾ, ಎಕ್ಕದೆಲೆ ಎಳ್ಕಂಡ್ಬಿಡ್ತು," ಎಂದರು ಅತ್ತೆ. ನಾವೆಲ್ಲ ಹಗುರಾದೆವು.

ಆದರೆ ಹಿತ್ತಲ ಬಾವಿಯಿಂದ ಬಿಂದಿಗೆ ಹೊತ್ತು ಬರುವಾಗ ಅವರು ಅರ್ಧ ದಾರಿಯಲ್ಲಿ ನಿಲ್ಲತೊಡಗಿದರು. ನಿಂತು, ಏನೋ ಮರೆತವರ ಹಾಗೆ ಹಿಂದೆ ತಿರುಗಿ ನೋಡುವರು. ಮರೆತಿದ್ದೇನೂ ಇಲ್ಲ, ಉಸಿರು ಸಾಲುತ್ತಿಲ್ಲ ಎಂಬುದು ನನಗೆ ತಿಳಿಯಿತು. ಮೊದಲು ಎಡಕ್ಕೆ ಮಲಗಲು ಆಗದವರು ಈಗ ಎಡಕ್ಕೆ ಮಾತ್ರ ಮಲಗುತ್ತಿದ್ದರು. ಬಲಕ್ಕೆ ಹೊರಳಿದರೆ ಉಸಿರು ಕಟ್ಟಿ ಎದ್ದು ಕೂರುವರು. ಸಂಜೆ ಮೈ ಸ್ವಲ್ಪ ಬೆಚ್ಚಗಿರುತ್ತಿತ್ತು. ಒಣ ಕೆಮ್ಮು ಬೇರೆ. ಕೆಮ್ಮು ಕೇಳಿದಾಗಲೆಲ್ಲ ನಾದಿನಿ ಮಾಡುತ್ತಿದ್ದ ಕೆಲಸ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ನಾನು ಅವಳ ಮುಖ ನೋಡುತ್ತಿರಲಿಲ್ಲ.

ಆಗ ನಮ್ಮ ಹಳ್ಳಿಯಲ್ಲಿ ಒಂದು ಮನೆಯಿತ್ತು. ಅಲ್ಲಿ ಅಣ್ಣ ತಮ್ಮ ಇಬ್ಬರೂ ಕ್ಷಯದಲ್ಲಿ ಹೋಗಿದ್ದರು. ಆ ಮನೆಯಿಂದ ಯಾರೂ ಒಲೆಗೆ ಕೆಂಡ ತರುತ್ತಿರಲಿಲ್ಲ, ಹೆಪ್ಪಿಗೆ ಮಜ್ಜಿಗೆ ಕೇಳುತ್ತಿರಲಿಲ್ಲ. ಉಳಿದ ಹೆಣ್ಣುಮಗಳನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ. ನಮ್ಮ ನಾದಿನಿಗೆ ಹೊಸಕೋಟೆ ಕಡೆಯ ಒಂದು ಮನೆಗೆ ಮದುವೆ ಗೊತ್ತಾಗಿ ವೀಳ್ಯಶಾಸ್ತ್ರವೂ ಮುಗಿದಿತ್ತು. ಅವಳು ಯಾಕೆ ನನ್ನ ಮುಖ ನೋಡುತ್ತಾಳೆ ಎಂಬುದನ್ನು ಕೇಳಬೇಕಾಗಿರಲಿಲ್ಲ.

ಯಜಮಾನರು ಅತ್ತೆಯನ್ನು ಗಾಡಿಯಲ್ಲಿ ಕೂರಿಸಿಕೊಂಡು ದೇವನಹಳ್ಳಿಯ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ನಾನೂ ಹೋದೆ. ಡಾಕ್ಟರು ಬೆನ್ನಿನ ಮೇಲೆ ಒಂದು ಕೈಯ ಬೆರಳಿಟ್ಟು ಇನ್ನೊಂದು ಕೈಯ ಬೆರಳಿನಿಂದ ಅದರ ಮೇಲೆ ಬಡಿಯುತ್ತಾ ಬಂದರು. ಬಲಗಡೆ ಬಡಿದಾಗ ಖಾಲಿ ಗುಡಾಣದ ಸದ್ದು. ಎಡಗಡೆ ಬಡಿದಾಗ ರಾಗಿ ತುಂಬಿದ ಗುಡಾಣದ ಸದ್ದು. ದೂರ ನಿಂತಿದ್ದ ನನಗೂ ಆ ವ್ಯತ್ಯಾಸ ತಿಳಿಯಿತು.

ಅತ್ತೆಯನ್ನು ಹೊರಗೆ ಕೂರಿಸಿ ಅವರು ನಮಗೆ ಹೇಳಿದರು. "ಶ್ವಾಸಕೋಶದ ಮೇಲೆ ಒಂದು ಪೊರೆ ಇರುತ್ತೆ. ಈರುಳ್ಳಿ ಪದರಗಳ ಮಧ್ಯೆ ಇರುತ್ತಲ್ಲ, ಅಷ್ಟು ತೆಳ್ಳಗೆ. ಪಕ್ಕೆಯ ಒಳಮೈಗೂ ಅಂಥದೇ ಇನ್ನೊಂದು ಪದರ. ಅವೆರಡೂ ಉಜ್ಜಾಡ್ತಾ ಇದ್ದಾಗ ನಿಮ್ಮ ತಾಯಿಗೆ ಚುಚ್ತಾ ಇತ್ತು. ಈಗ ಮಧ್ಯೆ ನೀರು ತುಂಬಿದೆ. ಉಜ್ಜೋದು ನಿಂತಿದೆ, ಅದಕ್ಕೇ ನೋವಿಲ್ಲ."

"ಹಂಗಾದ್ರೆ ನೋವು ಹೋಗಿದ್ದು ಒಳ್ಳೇದಲ್ವಾ ಸ್ವಾಮಿ?" ಎಂದರು ಯಜಮಾನರು.

"ಒಳ್ಳೇದಲ್ಲಪ್ಪ. ಬೆಂಗಳೂರಿಗೆ ಕರ್ಕೊಂಡು ಹೋಗಿ, ದೊಡ್ಡಾಸ್ಪತ್ರೆಗೆ. ನೀರು ತೆಗೆದು ನೋಡ್ಬೇಕು. ಇಂಥದ್ದು ಬಹಳ ಮಟ್ಟಿಗೆ ಕ್ಷಯದಿಂದಲೇ ಬರೋದು. ಗೊತ್ತಾಗೋವರೆಗೂ ಅವರ ತಟ್ಟೆ ಲೋಟ ಬೇರೆ ಇಡಿ. ಮಗುವನ್ನ ಹತ್ತಿರ ಬಿಡಬೇಡಿ."

ಗಾಡಿಯಲ್ಲಿ ಹಿಂದಿರುಗುವಾಗ ಇದನ್ನು ಅತ್ತೆಗೆ ಹೇಗೆ ಹೇಳುವುದು ಎಂದು ನಾನು ದಾರಿಯುದ್ದಕ್ಕೂ ಕುದಿಯುತ್ತಿದ್ದೆ. ಮಗುವಿಗೆ ದಿನಾ ಎಣ್ಣೆ ತಿಕ್ಕಿ ಎರೆಯುತ್ತಿದ್ದವರು ಅವರು. ಬೆಳಿಗ್ಗೆ ಎದ್ದರೆ ಅದು ನನ್ನನ್ನು ದಾಟಿಕೊಂಡು ಅವರ ಮಡಿಲಿಗೆ ಹೋಗುತ್ತಿತ್ತು. ಮನೆ ಮುಟ್ಟಿದಾಗ ನಾದಿನಿಯ ಕಂಕುಳಲ್ಲಿದ್ದ ಮಗು ಅಜ್ಜಿಯ ಕಡೆಗೆ ಎರಡೂ ಕೈ ಚಾಚಿತು. ಅತ್ತೆ ಗಾಡಿಯಿಂದ ಇಳಿದವರು ಹೊಸಲಿನ ಆಚೆಯೇ ನಿಂತರು.

"ಒಳಕ್ಕೆ ಕರ್ಕೊಂಡೋಗೇ ಮಗೂನ," ಎಂದರು ಮಗಳಿಗೆ. ನನ್ನ ಕಡೆ ತಿರುಗಿ, "ಡಾಕ್ಟ್ರು ನಿಮ್ಗೆ ಹೇಳಿದ್ದು ನಂಗೆ ಕೇಳುಸ್ತು. ಜಗಲಿ ಪಕ್ಕದ ಕೋಣೇಲಿ ಇರ್ತೀನಿ. ಅಲ್ಲಿಗೇ ಊಟ ಕೊಟ್ಬಿಡು. ಮಗು ಎಷ್ಟತ್ರೂ ಈ ಕಡೆ ಬಿಡ್ಬೇಡ," ಎಂದರು.

ನಾನು ಹೂಂ ಎಂದೆ. ನನ್ನ ಬಾಯಿಂದ ಬರಬೇಕಾಗಿದ್ದ ಮಾತನ್ನು ಅವರೇ ಆಡಿಬಿಟ್ಟಿದ್ದರಿಂದ ನನಗೆ ಅಳು ಬಂತು.

ಬೆಂಗಳೂರಿಗೆ ಹೋದದ್ದು ದೇವನಹಳ್ಳಿಯಿಂದ ಚಿಕ್ಕ ರೈಲಿನಲ್ಲಿ. ಪೆಟ್ರೋಲು ಸಿಗದೆ ಇದ್ದಿಲು ಹೊಗೆಯಿಂದ ಓಡುತ್ತಿದ್ದ ಆಗಿನ ಬಸ್ಸಿನಲ್ಲಿ ಅವರಿಗೆ ಕೆಮ್ಮು ತಡೆಯಲು ಆಗುತ್ತಿರಲಿಲ್ಲ. ಜೊತೆಗೆ ಹೆಂಗಸೊಬ್ಬಳು ಬೇಕೇ ಬೇಕಲ್ಲ, ಮಗುವನ್ನು ನಾದಿನಿಯ ಹತ್ತಿರ ಬಿಟ್ಟು ನಾನು ಹೋದೆ. ರಾಗಿ ಸರಿ ಮಾಡಿಟ್ಟು ಬಂದಿದ್ದರೂ ಮಗು ತಿಂದಿತೋ ಇಲ್ಲವೋ ಎಂಬ ಯೋಚನೆ ಬಿಡಲಿಲ್ಲ. ಯಲಹಂಕ ದಾಟುವ ಹೊತ್ತಿಗೆ ಹಾಲು ತುಂಬಿ ಎದೆ ಕಲ್ಲಾಗಿತ್ತು. ಸೆರಗನ್ನು ಎರಡು ಸುತ್ತು ಬಿಗಿದು ಕುಳಿತಿದ್ದೆ. ಎದುರಿಗೆ ಅತ್ತೆ ತಮ್ಮ ಎದೆ ಹಿಡಿದುಕೊಂಡು ಕುಳಿತಿದ್ದರು. ಡಬ್ಬಿಯಲ್ಲಿ ಜನ ಕಿಕ್ಕಿರಿದಿದ್ದರು. ಯಾರಾದರೂ ಅವರ ಕೆಮ್ಮಿನ ಕಡೆ ತಿರುಗಿದರೆ ನಾನು ತಟ್ಟನೆ ಏನಾದರೂ ಮಾತು ತೆಗೆಯುತ್ತಿದ್ದೆ, ಮಳೆಯ ವಿಷಯವೋ ಸೀಮೆಎಣ್ಣೆ ಸಿಕ್ಕದ ವಿಷಯವೋ.

ಆಸ್ಪತ್ರೆಯಲ್ಲಿ ಮೊದಲು ಎದೆಯ ಎಕ್ಸ್‌ರೇ ಪಟ ತೆಗೆದರು. ಆಮೇಲೆ ಅತ್ತೆಯನ್ನು ಒಂದು ಮಣೆಯಂಥ ಪೀಠದ ಮೇಲೆ ಕೂರಿಸಿ, ಮುಂದಿನ ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ಬಾಗಿಸಿದರು. ಕೈ ಹಿಡಿದುಕೊಳ್ಳಲು ನನ್ನನ್ನು ಎದುರಿಗೆ ನಿಲ್ಲಿಸಿದರು. ಬೆನ್ನ ಹಿಂದೆ ಏನು ನಡೆಯುತ್ತಿದೆಯೆಂದು ಅವರಿಗೆ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ವಯಸ್ಸಾದ ಡಾಕ್ಟರು ಎರಡು ಪಕ್ಕೆಲುಬಿನ ನಡುವೆ ಬೆರಳಿಟ್ಟು ಜಾಗ ಹುಡುಕಿದರು. ಸೂಜಿ ಗೋಣಿಚೀಲ ಹೊಲಿಯುವ ದಬ್ಬಳದಷ್ಟು ಉದ್ದವಿತ್ತು.

"ಕೆಮ್ಮಬೇಡಿ ತಾಯಿ. ಅಲ್ಲಾಡಬೇಡಿ."

ಅತ್ತೆ "ಹುಂ" ಎಂದರು. ಅವರ ಉಗುರು ನನ್ನ ಅಂಗೈಯಲ್ಲಿ ಊರಿತು. ರಬ್ಬರಿನ ಕೊಳವೆಯಲ್ಲಿ ನೀರು ಇಳಿದು ಸೀಸೆಗೆ ಬೀಳತೊಡಗಿತು. ಎದೆಯಲ್ಲಿ ನೀರು ಎಂದಾಗ ನಾನು ಬಾವಿಯ ನೀರಿನಂಥದ್ದನ್ನೇ ನೆನೆದುಕೊಂಡಿದ್ದೆ. ಬಂದದ್ದು ಕೆಂಪು ಬೆರೆತದ್ದು, ಎಲೆ ಅಡಿಕೆ ಉಗಿದ ಮೇಲೆ ಬಾಯಿ ಮುಕ್ಕಳಿಸಿದ ನೀರಿನ ಹಾಗೆ. ಒಂದು ಸೀಸೆ ತುಂಬಿತು, ಇನ್ನೊಂದನ್ನು ತಂದರು. ಒಬ್ಬರ ಎದೆಯಲ್ಲಿ ಅಷ್ಟು ಹಿಡಿಸಲು ಸಾಧ್ಯವೇ ಎಂದು ನನಗೆ ಭಯವಾಯಿತು. ಆದರೆ ಅತ್ತೆಯ ಮುಖ ಸಡಿಲವಾಗುತ್ತಾ ಬಂತು. ಎಷ್ಟೋ ದಿನಗಳ ಮೇಲೆ ಅವರು ಒಂದು ಪೂರ್ತಿ ಉಸಿರು ತೆಗೆದುಕೊಂಡರು.

ಡಾಕ್ಟರು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವರು ನೋಡಿದಷ್ಟು ಹೊತ್ತು ನಾನು ಅವರನ್ನೇ ನೋಡಿದೆ. ಆಮೇಲೆ ಯಜಮಾನರನ್ನೂ ನನ್ನನ್ನೂ ಪಕ್ಕಕ್ಕೆ ಕರೆದರು.

"ಕ್ಷಯದ ನೀರು ಸಾಮಾನ್ಯವಾಗಿ ತಿಳಿ ಹಳದಿ ಇರುತ್ತೆ. ಇದು ಕೆಂಪಗಿದೆ. ಕ್ಷಯದಲ್ಲೂ ಹೀಗೆ ಬರಬಹುದು, ಬೇರೆಯದರಲ್ಲೂ ಬರಬಹುದು. ಪರೀಕ್ಷೆ ಮಾಡಿ ನೋಡೋಣ."

ಬೇರೆಯದು ಎಂದರೆ ಏನು ಎಂದು ನಾವಿಬ್ಬರೂ ಕೇಳಲಿಲ್ಲ. ನಮ್ಮ ಕಿವಿಗೆ ಬಿದ್ದದ್ದು ಒಂದೇ ಹೆಸರು.

"ಪರೀಕ್ಷೆ ಅಂದ್ರೆ ಹೆಂಗೆ ಸ್ವಾಮಿ?"

"ಗಿನಿಪಿಗ್ ಅಂತ ಒಂದು ಪ್ರಾಣಿ. ಮೊಲದ ಮರಿ ಥರ ಇರುತ್ತೆ. ಈ ನೀರನ್ನ ಸ್ವಲ್ಪ ಅದರ ಮೈಗೆ ಚುಚ್ತೀವಿ. ಇದರಲ್ಲಿ ಕ್ಷಯ ಇದ್ದರೆ ಅದಕ್ಕೂ ಬರುತ್ತೆ, ಇಲ್ಲದಿದ್ದರೆ ಬರಲ್ಲ. ಒಂದೂವರೆ ತಿಂಗಳು ಕಾಯಬೇಕು."

ಅತ್ತೆ ಇದನ್ನೂ ಕೇಳಿಸಿಕೊಂಡಿದ್ದರು. ರೈಲಿನಲ್ಲಿ ಬರುವಾಗ, "ನನ್ನ ಕಾಯ್ಲೆ ಆ ಮೂಕಪ್ರಾಣಿಗ್ಯಾಕೆ ಕೊಡ್ಬೇಕು?" ಎಂದರು.

"ಕಾಯ್ಲೆ ಇದ್ರೆ ತಾನೆ ಬರೋದು, ಸುಮ್ನಿರಮ್ಮ," ಎಂದರು ಯಜಮಾನರು.

ಅಲ್ಲಿಂದ ಮುಂದೆ ಮನೆಯಲ್ಲಿ ಎಲ್ಲವೂ ಎರಡಾಗಿತ್ತು. ಅತ್ತೆಯ ತಟ್ಟೆ, ಅತ್ತೆಯ ಚೆಂಬು, ಅತ್ತೆಯ ಬಟ್ಟೆ ಒಗೆಯುವ ಕಲ್ಲು. ಅವನ್ನು ತೊಳೆದ ಕೈಯಲ್ಲಿ ಮಗುವನ್ನು ಮುಟ್ಟಲು ಹೆದರಿ ಸೀಗೆಪುಡಿ ಹಾಕಿ ಕೈ ಉಜ್ಜುತ್ತಿದ್ದೆ. ಮಗು ಸೀನಿದರೆ ಹಣೆ ಮುಟ್ಟಿ ನೋಡುವೆ, ಮತ್ತೆ ಮುಟ್ಟಿ ನೋಡುವೆ. ಅತ್ತೆಯ ಕೋಣೆಗೆ ಹೋಗಿ ಬಂದ ನನ್ನ ಹಾಲೇ ಮಗುವಿಗೆ ಕೆಟ್ಟದೇನೋ ಎಂದು ಕೂಡ ಯೋಚನೆ ಹೋಗಿತ್ತು. ಅಜ್ಜಿ ಜಗಲಿಯ ಆಚೆ ಕಾಣಿಸುತ್ತಿದ್ದರೂ ಎತ್ತಿಕೊಳ್ಳದೆ ಇರುವುದು ಮಗುವಿಗೆ ಅರ್ಥವಾಗುತ್ತಿರಲಿಲ್ಲ. ಮೊದಮೊದಲು ಅತ್ತು ರಂಪ ಮಾಡಿತು. ಬರಬರುತ್ತಾ ಆ ಕಡೆ ನೋಡುವುದನ್ನೇ ಬಿಟ್ಟಿತು. ಅದು ಅಳುತ್ತಿದ್ದಾಗಿಗಿಂತ ನೋಡುವುದನ್ನು ಬಿಟ್ಟ ಮೇಲೆ ಅತ್ತೆಗೆ ಹೆಚ್ಚು ಕಷ್ಟವಾದದ್ದು ನನಗೆ ಗೊತ್ತು.

ಮನೆಮಂದಿಯ ಮನಸ್ಸೆಲ್ಲ ನಾವು ಕಂಡೇ ಇರದ ಆ ಪ್ರಾಣಿಯ ಮೇಲಿತ್ತು. ನಾದಿನಿ ದೇವರಿಗೆ ದೀಪ ಹಚ್ಚುವಾಗ ಅದಕ್ಕೂ ಕೈ ಮುಗಿಯುತ್ತಿದ್ದಳು. ಅದನ್ನು ಅವಳೇ ನನಗೆ ಹೇಳಿದಳು. ಅತ್ತೆ ಗೋಡೆಯ ಆಚೆಯಿಂದ ಕೇಳುವರು.

"ಅದಕ್ಕೇನು ತಿನ್ನಾಕ್ಕೊಡ್ತಾರೋ?"

"ಹುಲ್ಲು ಸೊಪ್ಪು ಇರ್ಬೇಕು ಅತ್ತೆ."

"ಹಸೀ ಸೊಪ್ಪು ಪ್ಯಾಟೇಲಿ ಎಲ್ಲಿ ಸಿಗ್ತದೆ. ಒಣಗಿದ್ದೇ ಹಾಕ್ತಾರೇನೋ."

ಒಮ್ಮೆ ಯಜಮಾನರು ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದವರು ಆಸ್ಪತ್ರೆಯ ಬಾಗಿಲಿಗೂ ಹೋಗಿ ಅಲ್ಲಿನ ಆಳೊಬ್ಬನನ್ನು ಹಿಡಿದು ಕೇಳಿಕೊಂಡು ಬಂದರು. ಅವನು ನಕ್ಕುಬಿಟ್ಟನಂತೆ. ಆದರೂ ಒಳಗೆ ಹೋಗಿ ನೋಡಿ ಬಂದು, ತಿನ್ನುತ್ತಿದೆ, ಚುರುಕಾಗಿದೆ ಎಂದನಂತೆ. ಯಜಮಾನರು ಅಂಗಳದಲ್ಲಿ ಕಾಲು ತೊಳೆಯುತ್ತಲೇ, "ತಿಂತಾ ಐತಂತೆ ಅಮ್ಮ," ಎಂದು ಕೂಗಿ ಹೇಳಿದರು. ಅಂದು ಅತ್ತೆ ಮುದ್ದೆಯನ್ನು ಪೂರ್ತಿ ಉಂಡರು. ಹಾಗೆ ಉಂಡದ್ದು ಬಹಳ ದಿನದ ಮೇಲೆ.

ಇದರ ನಡುವೆ ನೀರು ಮತ್ತೆ ತುಂಬಿಕೊಳ್ಳುತ್ತಿತ್ತು. ದಿನ ದಿನಕ್ಕೆ ಅವರ ಮಾತು ತುಂಡಾಗುತ್ತಿದ್ದುದರಿಂದಲೇ ನಮಗೆ ತಿಳಿಯುತ್ತಿತ್ತು. ಮೊದಲು ಒಂದು ಮಾತನ್ನು ಒಂದೇ ಉಸಿರಿನಲ್ಲಿ ಆಡುವರು, ಆಮೇಲೆ ಎರಡು ಉಸಿರಿನಲ್ಲಿ.

ಒಂದು ಮಧ್ಯಾಹ್ನ ಹೇಳದೆ ಕೇಳದೆ ನಾದಿನಿಯ ಮಾವನಾಗಬೇಕಾದವರು ಬಂದುಬಿಟ್ಟರು. ವಿಜಯಪುರದಲ್ಲಿ ಏನೋ ಕೆಲಸವಿತ್ತಂತೆ, ಹಾಗೇ ಬೀಗರನ್ನು ನೋಡಿಕೊಂಡು ಹೋಗೋಣವೆಂದು ಬಂದೆ ಎಂದರು. ಯಜಮಾನರು ತೋಟದಲ್ಲಿದ್ದರು. ನಾದಿನಿ ಒಳಗೆ ಓಡಿ ಬಾಗಿಲ ಹಿಂದೆ ನಿಂತಳು. ನಾನು ಚಾಪೆ ಹಾಕಿ, ಲೋಟದಲ್ಲಿ ಮಜ್ಜಿಗೆ ತಂದಿಟ್ಟೆ. ಅತ್ತೆ ಕೋಣೆಯಿಂದ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಸೆರಗು ಹೊದ್ದು, ಅವರಿಂದ ದೂರಕ್ಕೆ, ಕಂಬಕ್ಕೆ ಒರಗಿ ಕುಳಿತರು.

"ಬೀಗಿತ್ತಿಯವ್ರು ಇಳ್ದೋಗವ್ರಲ್ಲ," ಎಂದರು ಆತ ನನ್ನ ಕಡೆ ನೋಡಿ.

ಹುಳದ ಕೆಲಸ, ನಿದ್ದೆಗೇಡು ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆಯೇ ಮಾತಾಡಿದರು.

"ಮೈಯಾಗೆ ಹುಷಾರಿಲ್ಲ ಬೀಗ್ರೆ. ಎದೆ ಒಳ್ಗೆ ನೀರು ತುಂಬ್ಕಂಡೈತೆ. ಬೆಂಗ್ಳೂರ್ಗೆ ಹೋಗಿ ತೆಗ್ಸಿದ್ವಿ, ಮತ್ತೆ ತುಂಬ್ತದೆ." ಅವರು ಉಸಿರಿಗಾಗಿ ನಿಂತರು. "ಅದು ಆ ಕಾಯ್ಲೆನೋ ಅಲ್ವೋ ಇನ್ನೂ ಗೊತ್ತಿಲ್ಲ. ಗೊತ್ತಾಗೋವರ್ಗೂ ಲಗ್ನದ ಮಾತು ಬ್ಯಾಡ. ಆ ಕಾಯ್ಲೆ ಅಂತ ಆದ್ರೆ ನಾವೇ ಹೇಳ್ಕಳುಸ್ತೀವಿ. ನಿಮ್ಮನೇಗೆ ಮುಚ್ಚಿಟ್ಟು ಹೆಣ್ಣು ಕೊಡಲ್ಲ."

ಬಾಗಿಲ ಹಿಂದಿನಿಂದ ಬಳೆಯ ಸದ್ದು ಕೇಳಿಸಿತು. ಆತ ನೆಲ ನೋಡುತ್ತಾ ಕುಳಿತರು. ನನ್ನ ಕಣ್ಣೆಲ್ಲ ಆ ಲೋಟದ ಮೇಲಿತ್ತು. ಅವರು ಅದನ್ನು ಕೈಗೆತ್ತಿಕೊಂಡರು, ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು, ಮತ್ತೆ ಕೆಳಗಿಟ್ಟರು.

"ನೋಡಾಣ ಬುಡಿ. ಭಗವಂತ ಐದಾನೆ," ಎಂದು ಎದ್ದರು.

ಅವರು ಹೋದ ಮೇಲೆ ನಾದಿನಿ ತಾಯಿಯ ಕೋಣೆಯ ಬಾಗಿಲಿಗೆ ಬಂದು ನಿಂತಳು. ಅವಳ ಮುಖ ಕೆಂಪಾಗಿತ್ತು.

"ಹೇಳಲೇಬೇಕಿತ್ತಾ ಅಮ್ಮ?"

"ನಾಳೆ ಅವ್ರ ಮನೇಲಿ ನೀನು ಒಂದು ಕೆಮ್ಮು ಕೆಮ್ಮಿದ್ರೆ ನಿನ್ನ ಏನಂತ ನೋಡ್ತಾರೆ? ಅದನ್ನ ಯೋಚ್ನೆ ಮಾಡು," ಎಂದರು ಅತ್ತೆ. ಅಷ್ಟು ಹೇಳುವುದರಲ್ಲಿ ಅವರಿಗೆ ಸುಸ್ತಾಗಿತ್ತು. ಹೊಸಕೋಟೆ ಕಡೆಯಿಂದ ಆಮೇಲೆ ಯಾವ ಸುದ್ದಿಯೂ ಬರಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಮತ್ತೆ ಬೆಂಗಳೂರಿಗೆ ಹೋದೆವು. ಅತ್ತೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾವು ಒಳಗೆ ಹೋದೆವು. ಡಾಕ್ಟರು ನಮ್ಮನ್ನು ಗುರುತು ಹಿಡಿದರು.

"ಕ್ಷಯ ಅಲ್ಲ," ಎಂದರು. "ಪ್ರಾಣಿ ಕೊನೆಯವರೆಗೂ ಚೆನ್ನಾಗೇ ಇತ್ತು. ಮೊನ್ನೆ ಕೊಯ್ದು ನೋಡಿದೆವು. ಒಳಗೆ ಎಲ್ಲೂ ಏನೂ ಇಲ್ಲ."

ಯಜಮಾನರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ತೆಗೆದಾಗ ನಗುತ್ತಿದ್ದರು. ಅವರನ್ನು ಅಷ್ಟು ನಗುವುದನ್ನು ನಾನು ಮದುವೆಯಾದ ಮೇಲೆ ನೋಡಿರಲಿಲ್ಲ. ನನಗೂ ನಗು ಬಂದಿತ್ತು. ಆದರೆ ಡಾಕ್ಟರು ನಗುತ್ತಿರಲಿಲ್ಲ. ನಮ್ಮ ನಗು ಮುಗಿಯಲಿ ಎಂದು ಕಾಯುತ್ತಿದ್ದರು.

"ಸ್ವಲ್ಪ ಕೇಳಿಸಿಕೊಳ್ಳಿ," ಎಂದರು. "ಆ ನೀರನ್ನ ಸೂಕ್ಷ್ಮದರ್ಶಕದಲ್ಲೂ ನೋಡಿದೀವಿ. ಆಗಲೇ ನನಗೆ ಅನುಮಾನ ಇತ್ತು. ಪೊರೆಯಲ್ಲೇ ಗೆಡ್ಡೆ ಎದ್ದಿದೆ. ಒಂದು ಕಡೆ ಇದ್ದರೆ ಕೊಯ್ದು ತೆಗೀಬಹುದಿತ್ತೇನೋ. ಇದು ಪೊರೆಯುದ್ದಕ್ಕೂ ಹರಡಿಕೊಂಡಿದೆ. ನೀರು ತುಂಬಿದಾಗ ತೆಗೆದು ಹಗುರ ಮಾಡಬಹುದು. ಅದಕ್ಕಿಂತ ಹೆಚ್ಚು ನಮ್ಮ ಕೈಲಿ ಇಲ್ಲ."

ಯಜಮಾನರ ಮುಖದ ನಗು ಹೋಗಿರಲಿಲ್ಲ. ಅದು ಅಲ್ಲೇ ಉಳಿದುಬಿಟ್ಟಿತ್ತು, ತೆಗೆಯುವುದು ಅವರಿಗೆ ಗೊತ್ತಾಗಲಿಲ್ಲ. ಅವರು ಕೇಳಿದ್ದು ಒಂದೇ ಮಾತು. "ಇದು ಅಂಟಲ್ವಾ ಸ್ವಾಮಿ?"

"ಅಂಟಲ್ಲ. ಮಗುವನ್ನ ಧಾರಾಳವಾಗಿ ಎತ್ತಿಕೊಳ್ಳಲಿ."

ನಾವು ಹೊರಗೆ ಬಂದಾಗ ಅತ್ತೆ ಬೆಂಚಿನಿಂದ ಎದ್ದು ನಿಂತಿದ್ದರು.

"ಪ್ರಾಣಿ ಚೆನ್ನಾಗಿತ್ತಂತೆ ಅಮ್ಮ. ಆ ಕಾಯ್ಲೆ ಅಲ್ವಂತೆ."

ಅತ್ತೆ ಮತ್ತೆ ಕುಳಿತುಬಿಟ್ಟರು. ಕಣ್ಣಲ್ಲಿ ನೀರು ತುಂಬಿತು. "ಅದನ್ನ ಬುಟ್ಬುಟ್ರಾ ಈಗ?" ಎಂದು ಕೇಳಿದರು.

ಯಜಮಾನರು ನನ್ನ ಕಡೆ ನೋಡಿದರು. "ಬುಟ್ಬುಟ್ರು ಅಮ್ಮ," ಎಂದರು.

ಅಂದು ನೀರು ತೆಗೆಸಿಕೊಂಡು, ಉಸಿರು ಹಗುರಾಗಿ, ಅತ್ತೆ ರೈಲಿನಲ್ಲಿ ಪಕ್ಕದವರೊಡನೆ ಮಾತಾಡುತ್ತಾ ಬಂದರು. ಮೊಮ್ಮಗನಿಗೆ ಎಷ್ಟು ಹಲ್ಲು ಬಂದಿವೆ ಎಂದು ನನ್ನನ್ನು ಕೇಳಿ ತಿಳಿದುಕೊಂಡು ಅವರಿಗೆ ಹೇಳಿದರು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದೆ. ಮನೆಗೆ ಬಂದವರೇ ಕಾಲು ತೊಳೆದು ನೆಲದ ಮೇಲೆ ಕುಳಿತು, "ಬಾರಪ್ಪ," ಎಂದು ಕೈ ನೀಡಿದರು. ಮಗು ನನ್ನ ಸೀರೆ ಹಿಡಿದುಕೊಂಡು ಅವರನ್ನು ನೋಡಿತು, ಹೋಗಲಿಲ್ಲ. ಅತ್ತೆ ಅವಸರ ಮಾಡಲಿಲ್ಲ. ಪಕ್ಕದಲ್ಲಿದ್ದ ಖಾಲಿ ರೇಷ್ಮೆಗೂಡೊಂದನ್ನು ನೆಲದ ಮೇಲೆ ಉರುಳಿಸಿದರು. ಅದರ ಹಿಂದೆ ಅಂಬೆಗಾಲಿಟ್ಟುಕೊಂಡು ಹೋದ ಮಗು ಸ್ವಲ್ಪ ಹೊತ್ತಿಗೆ ಅವರ ಮಡಿಲಲ್ಲಿತ್ತು.

ಹೊಸಕೋಟೆ ಕಡೆಗೆ ಯಜಮಾನರೇ ಹೋಗಿ ಸುದ್ದಿ ಮುಟ್ಟಿಸಿದರು. ಗೆಡ್ಡೆಯ ವಿಷಯವನ್ನೂ ಹೇಳಿದರಂತೆ. ಬೀಗರು ಅದನ್ನು ಕೇಳಿ, ಹಾಗಾದರೆ ತಾಯಿ ಇರುವಾಗಲೇ ಲಗ್ನ ಮಾಡಿಬಿಡೋಣ ಎಂದರಂತೆ. ಕ್ಷಯವೆಂದರೆ ದೂರ ಸರಿಯುತ್ತಿದ್ದವರು ಗೆಡ್ಡೆ ಎಂದ ಕೂಡಲೇ ಹತ್ತಿರ ಬಂದರು. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಬೇರೆ ಇಟ್ಟಿದ್ದ ತಟ್ಟೆ ಲೋಟ ಒಳಗೆ ಬಂದವು. ನಾದಿನಿ ಹಾಡಿಕೊಂಡು ಕೆಲಸ ಮಾಡುತ್ತಿದ್ದಳು. ಅವಳಿಗೆ ನಾವು ಪೂರ್ತಿ ಹೇಳಿರಲಿಲ್ಲ. ಅವಳ ಹಾಡು ಕೇಳಿದರೆ ನಾನು ಬಿಂದಿಗೆ ಎತ್ತಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದೆ.

ಅತ್ತೆಗೂ ಹೇಳಿರಲಿಲ್ಲ. ಲಗ್ನಕ್ಕೆ ಅಕ್ಕಿ ಆರಿಸುತ್ತಿದ್ದಾಗ ಅವರೇ ಕೇಳಿದರು. ಸುತ್ತ ಯಾರೂ ಇರಲಿಲ್ಲ.

"ಆ ಕಾಯ್ಲೆ ಅಲ್ಲ ಅಂದ್ರು. ಹಂಗಾದ್ರೆ ಈ ನೀರು ಯಾಕೆ ನಿಲ್ತಿಲ್ಲ?"

ನಾನು ಮೊರದಲ್ಲಿ ಕಲ್ಲು ಹುಡುಕುತ್ತಲೇ ಇದ್ದೆ.

"ನಿನ್ನ ಗಂಡನ್ನ ಕೇಳಿದ್ರೆ ನಗ್ತಾನೆ. ಆ ನಗು ನಂಗೆ ಗೊತ್ತು, ಚಿಕ್ಕವನಾಗಿದ್ದಾಗ ಸುಳ್ಳು ಹೇಳೋವಾಗ ಹಂಗೇ ನಗ್ತಿದ್ದ. ನೀನು ಹೇಳಮ್ಮ."

ಹೇಳಿದೆ. ಪೊರೆ, ಗೆಡ್ಡೆ, ತೆಗೆಯಲು ಆಗದು ಎಂಬುದು, ಡಾಕ್ಟರು ಹೇಳಿದಷ್ಟನ್ನೂ ಹೇಳಿದೆ. ಕೇಳಿ ಮುಗಿದ ಮೇಲೆ ಅಕ್ಕಿಯ ಮೇಲೆ ಅಂಗೈ ಆಡಿಸುತ್ತಾ ಇದ್ದು, "ಮಗೂಗೆ ಬರಲ್ಲ ತಾನೆ?" ಎಂದರು.

"ಬರಲ್ಲ ಅತ್ತೆ."

"ಅವಳ್ಗೂ ಬರಲ್ಲ ತಾನೆ?"

"ಬರಲ್ಲ."

"ಲಗ್ನ ಮುಗಿಯೋವರ್ಗೂ ಅವಳ ಕಿವಿಗೆ ಹಾಕ್ಬೇಡ," ಎಂದು ಮೊರ ಎತ್ತಿಕೊಂಡರು. ಆದರೆ ಆ ಸಂಜೆ ಅವರು ಊಟ ಮಾಡಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದರು. ನಾನು ಕರೆದರೂ ತೆಗೆಯಲಿಲ್ಲ.

ಲಗ್ನದ ಹಿಂದಿನ ವಾರ ಯಜಮಾನರು ಅವರನ್ನು ಕರೆದೊಯ್ದು ನೀರು ತೆಗೆಸಿಕೊಂಡು ಬಂದರು. ಯುದ್ಧದ ಕಾಲದ ಲಗ್ನ, ಸಕ್ಕರೆಗೂ ತತ್ವಾರ, ಜನವೂ ಕಡಿಮೆ. ಅತ್ತೆ ಚಪ್ಪರದ ಕಂಬಕ್ಕೆ ಒರಗಿ ಮುಹೂರ್ತ ಮುಗಿಯುವವರೆಗೂ ನೆಟ್ಟಗೆ ಕುಳಿತಿದ್ದರು. ನಾನು ಬಡಿಸುತ್ತಾ ಓಡಾಡುತ್ತಿದ್ದರೂ ಕಣ್ಣು ಅವರ ಭುಜದ ಮೇಲೆಯೇ ಇತ್ತು. ಉಸಿರಿಗೆ ಭುಜ ಮೇಲೇಳುತ್ತಿದೆಯೇ, ಎಷ್ಟು ಬೇಗ ಬೇಗ ಏಳುತ್ತಿದೆ ಎಂದು ನೋಡುತ್ತಿದ್ದೆ. ಏನೂ ಆಗಲಿಲ್ಲ. ಮಗಳನ್ನು ಗಾಡಿ ಹತ್ತಿಸಿದರು.

ಆಮೇಲೆ ಕಾಯಿಲೆ ಅವಸರ ಮಾಡಿತು. ತೆಗೆದ ನೀರು ಮೊದಲಿಗಿಂತ ಬೇಗ ತುಂಬುತ್ತಿತ್ತು. ಕೊನೆ ಕೊನೆಗೆ ಸೂಜಿ ಹಾಕಿದರೂ ನೀರು ಬರಲಿಲ್ಲ, ಪೊರೆಯೇ ಗಟ್ಟಿಯಾಗಿ ಶ್ವಾಸಕೋಶವನ್ನು ಹಿಡಿದುಕೊಂಡಿದೆ ಎಂದರು ಡಾಕ್ಟರು. ನೋವು ಹಿಂದಿರುಗಿತು. ಮಲಗಲು ಆಗದೆ, ಮುಂದೆ ಹಾಸಿಗೆಯ ಸುರುಳಿ ಇಟ್ಟುಕೊಂಡು ಅದರ ಮೇಲೆ ತಲೆಯೂರಿ ಕೂರುತ್ತಿದ್ದರು. ಮಗಳು ಬಂದು ಬಹಳ ದಿನ ಇದ್ದಳು. ವಿಷಯ ತಿಳಿದ ಮೇಲೆ ಅವಳು ನನ್ನ ಮೇಲೆ ಸಿಟ್ಟು ಮಾಡಿದಳು, ಆಮೇಲೆ ನನ್ನನ್ನೇ ತಬ್ಬಿಕೊಂಡು ಅತ್ತಳು. ಹಿಪ್ಪುನೇರಳೆ ಮತ್ತೆ ಚಿಗುರಿ ಹೊಸ ಬೆಳೆ ಹಿಡಿದಿದ್ದ ಒಂದು ಬೆಳಿಗ್ಗೆ, ಹುಳುಗಳಿಗೆ ಮೊದಲ ಸೊಪ್ಪು ಹಾಕಿ ನಾನು ಕೋಣೆಗೆ ಬಂದಾಗ, ಅತ್ತೆ ಹಾಸಿಗೆಯ ಸುರುಳಿಯ ಮೇಲೆ ಕೆನ್ನೆಯಿಟ್ಟು ಕುಳಿತಂತೆಯೇ ಇದ್ದರು. ಭುಜ ಏಳುತ್ತಿರಲಿಲ್ಲ.

ಯಜಮಾನರು ಅಳಲಿಲ್ಲ. ಮಣ್ಣು ಮಾಡಿ ಬಂದರು, ತಿಥಿ ಮಾಡಿದರು, ತೋಟಕ್ಕೆ ಹೋದರು. ಬಂದ ಹೆಂಗಸರಲ್ಲಿ ಕೆಲವರು, ಅದು ಆ ಕಾಯಿಲೆಯೇ ಇರಬೇಕು, ಲಗ್ನಕ್ಕಾಗಿ ಮುಚ್ಚಿಟ್ಟರು ಎಂದು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ಆ ಮಾತು ನನ್ನೊಳಗೆ ಹೋಗಿ ಕುಳಿತುಕೊಂಡಿತು.

ಮಳೆ ಹಿಡಿದ ಮೇಲೆ ಮಗುವಿಗೆ ಕೆಮ್ಮು ಬಂತು. ಜ್ವರವೂ ಬಂತು. ಅಂಟುವುದಿಲ್ಲ ಎಂದು ಆ ದೊಡ್ಡ ಡಾಕ್ಟರೇ ಹೇಳಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ, ಆದರೂ ತಡೆಯಲಾಗಲಿಲ್ಲ. ಯಜಮಾನರೂ ಏನೂ ಹೇಳದೆ ಗಾಡಿ ಕಟ್ಟಿದರು. ದೇವನಹಳ್ಳಿಯ ಡಾಕ್ಟರು ಮಗುವಿನ ಅಂಗಿ ಬಿಚ್ಚಿಸಿ, ಎದೆಗೆ ಕೊಳವೆಯಿಟ್ಟು ಕೇಳಿ, ಗಂಟಲು ನೋಡಿ, "ನೆಗಡಿ ಕಣಮ್ಮ, ಬರೀ ನೆಗಡಿ. ಕಿವಿ ಮುಚ್ಚೋ ಹಾಗೆ ಟೋಪಿ ಹಾಕು," ಎಂದು ನಕ್ಕರು.

ಹಿಂದಿರುಗುವಾಗ ಊರು ಇನ್ನೂ ದೂರವಿರುವಾಗಲೇ ಯಜಮಾನರು ಗಾಡಿ ನಿಲ್ಲಿಸಿದರು. ಎತ್ತಿನ ಕಾಲಿಗೆ ಏನಾದರೂ ಚುಚ್ಚಿತೇನೋ ಎಂದುಕೊಂಡೆ. ಅವರು ಇಳಿದು, ರಸ್ತೆಯ ಪಕ್ಕದ ಬದುವಿನ ಮೇಲೆ ನಮಗೆ ಬೆನ್ನು ಮಾಡಿ ಕುಳಿತು, "ಅಮ್ಮಾ" ಎಂದು ಒಮ್ಮೆ ಅಂದು, ಅಳತೊಡಗಿದರು. ನಾನು ಗಾಡಿಯಿಂದ ಇಳಿಯಲಿಲ್ಲ. ಮಗುವಿಗೆ ತುಂತುರು ತಗಲದಂತೆ ಸೆರಗು ಹೊದಿಸಿ, ಅವರು ಎದ್ದು ಬರುವವರೆಗೂ ಹಗ್ಗ ಹಿಡಿದುಕೊಂಡು ಕುಳಿತಿದ್ದೆ.